ಮಳೆಗಾಲದ ಬಾತ್‌ಟಬ್: ಬೂಷ್ಟು ಹೋಗಬೇಕು, ಮಕ್ಕಳು ಜಾರಬಾರದು

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ. ಹಳೇ ಬಚ್ಚಲುಮನೆ ಒಡೆದು ಹೊಸದು ಕಟ್ಟಿಸುವಾಗ ಮಕ್ಕಳ ಆಸೆಗೆ ಅಂತ ಅಕ್ರಿಲಿಕ್ ಬಾತ್‌ಟಬ್ ಹಾಕಿಸಿದೆವು. ಈಗ ಟಬ್ ಗೋಡೆಗೆ ಸೇರುವ ಸಂದಿನ ಉದ್ದಕ್ಕೂ ಕಪ್ಪು ಚುಕ್ಕೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೂ ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ. ನಲ್ಲಿ ಕೆಳಗೆ ಕಂದು ಕಲೆ ಬೇರೆ. ಮೂರು ವರ್ಷದ ಮಗಳು ಮೊನ್ನೆ ಟಬ್ ಒಳಗೇ ಜಾರಿ ಬಿದ್ದು ಗಲ್ಲಕ್ಕೆ ಪೆಟ್ಟು ಮಾಡಿಕೊಂಡಳು. ರಬ್ಬರ್ ಮ್ಯಾಟ್ ತಂದು ಹಾಕಿದೆವು, ಈಗ ಅದೇ ವಾಸನೆ ಹೊಡೆಯುತ್ತಿದೆ. ಆರು ವರ್ಷದ ಮಗನೂ ಇದ್ದಾನೆ. ಟಬ್ ಕಿತ್ತು ಬಿಸಾಡಿ, ಬಕೆಟ್ ಸ್ನಾನವೇ ಸಾಕು ಅಂತ ನಮ್ಮ ಅತ್ತೆ. ಏನು ಮಾಡುವುದು?

ಉತ್ತರ:

ಟಬ್ ಕೀಳಬೇಕಾಗಿಲ್ಲ. ಆದರೆ ನಿಮ್ಮ ಅತ್ತೆ ಹೇಳುವುದರಲ್ಲೂ ಅರ್ಥ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೋಂಸ್ಟೇ ಮತ್ತು ತೋಟದ ಬಂಗಲೆಗಳ ಬಾತ್‌ರೂಂ ನೋಡಿಕೊಳ್ಳುವುದು, ಅಲ್ಲಿ ಕೆಲಸ ಮಾಡುವವರಿಗೆ ಹೇಳಿಕೊಡುವುದು ನನ್ನ ಕೆಲಸ. ಜೂನ್ ಶುರುವಾದರೆ ಸಾಕು, ಇದೇ ದೂರು. ಎಲ್ಲರೂ ಕೇಳುವುದು ಒಂದೇ: ಯಾವ ಕೆಮಿಕಲ್ ಹಾಕಬೇಕು? ಕೆಮಿಕಲ್ ವಿಷಯ ಹೇಳುತ್ತೇನೆ, ಆದರೆ ಅದು ಎರಡನೇ ಮಾತು. ನಿಮ್ಮ ಸಂದಿನಲ್ಲಿ ಬೂಷ್ಟು ಬರುವುದಕ್ಕೂ ಮಗಳು ಜಾರಿ ಬಿದ್ದದ್ದಕ್ಕೂ ಮೂಲ ಒಂದೇ. ಟಬ್ ಮೇಲೆ ಉಳಿಯುವ ತೆಳ್ಳಗಿನ ಜಿಡ್ಡಿನ ಪದರ, ಅದರ ಮೇಲೆ ಒಣಗದೆ ಉಳಿಯುವ ನೀರು. ಸೋಪಿನ ಅಂಶ, ಮೈಯ ಎಣ್ಣೆ, ಚರ್ಮದ ಕೊಳೆ, ಶಾಂಪೂ, ಮಕ್ಕಳಿಗೆ ಹಚ್ಚಿದ ಕೊಬ್ಬರಿ ಎಣ್ಣೆ, ಅದನ್ನು ತೆಗೆಯಲು ಹಾಕಿದ ಕಡ್ಲೆಹಿಟ್ಟು, ಎಲ್ಲ ಸೇರಿ ಆ ಪದರ ಆಗುತ್ತದೆ. ಬೂಷ್ಟಿಗೆ ಅದು ಊಟ, ಕಾಲಿಗೆ ಅದು ಜಾರುಬಂಡೆ. ಊಟ ತೆಗೆದು ನೀರು ಒರೆಸಿದರೆ ಎರಡೂ ತೊಂದರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತವೆ.

ಬೆಂಗಳೂರಲ್ಲಿರುವವರಿಗೆ ಇದೇ ಪ್ರಶ್ನೆಗೆ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಸ್ನಾನ ಆದ ಮೇಲೆ ಕಿಟಕಿ ತೆಗೆದಿಡಿ, ಒಣಗುತ್ತದೆ ಅಂದರೆ ಅಲ್ಲಿ ಸಾಕು. ಇಲ್ಲಿ ಆಗುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ, ನಿಮ್ಮ ನಾಪೋಕ್ಲೂ ಏನು ಕಮ್ಮಿ ಇಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಮಂಜು ಕಿಟಕಿ ತನಕ ಬಂದು ನಿಂತಿರುತ್ತದೆ. ಆ ಗಾಳಿಯೇ ನೀರು ಕುಡಿದು ತುಂಬಿರುವಾಗ ನಿಮ್ಮ ಟಬ್ಬಿನ ನೀರನ್ನು ಅದು ಎಲ್ಲಿಂದ ಎಳೆದುಕೊಳ್ಳಬೇಕು? ಕಿಟಕಿ ತೆಗೆದಿಟ್ಟು ಬೆಳಿಗ್ಗೆ ನೋಡಿದರೆ ಟೈಲ್ಸ್ ಇನ್ನೂ ಒದ್ದೆಯೇ ಇರುತ್ತದೆ. ಕುಶಾಲನಗರದಲ್ಲಿ ಮಳೆ ತುಂಬ ಕಡಿಮೆ, ಅಲ್ಲಿಯವರು ಕಿಟಕಿ ನಂಬಬಹುದು. ನೀವು ನಂಬಬೇಡಿ.

ಹಾಗಾಗಿ ಗಾಳಿ ಮಾಡದ ಕೆಲಸವನ್ನು ಕೈ ಮಾಡಬೇಕು. ಒಂದು ಸಣ್ಣ ವೈಪರ್ ತನ್ನಿ, ಕಿಟಕಿ ಗಾಜು ಒರೆಸುವ ಕೈ ವೈಪರ್, ನೆಲಕ್ಕೆ ಹಾಕುವ ದೊಡ್ಡದಲ್ಲ. ಕೊನೆಯ ಸ್ನಾನ ಮುಗಿದ ಮೇಲೆ ಗೋಡೆಯ ಟೈಲ್ಸ್ ಮೇಲಿಂದ ಕೆಳಕ್ಕೆ ಒಮ್ಮೆ ಎಳೆಯಿರಿ, ಟಬ್ಬಿನ ಒಳಗೋಡೆಗೂ ಎಳೆಯಿರಿ. ಆಮೇಲೆ ಒಂದು ಹಳೇ ಬನಿಯನ್ ಬಟ್ಟೆಯಲ್ಲಿ ಆ ಸಂದು, ನಲ್ಲಿಯ ಬುಡ, ಸೋಪ್ ಇಡುವ ಜಾಗ, ನೀರು ಹೋಗುವ ತೂತಿನ ಸುತ್ತ ಒತ್ತಿ ಒರೆಸಿ. ಎರಡು ನಿಮಿಷದ ಕೆಲಸ. ಇದನ್ನು ದಿನಾ ಮಾಡುವವರ ಮನೆಯಲ್ಲಿ ಆಗಸ್ಟ್‌ನಲ್ಲೂ ಸಂದು ಬಿಳಿಯಾಗಿರುತ್ತದೆ. ತಿಂಗಳಿಗೊಮ್ಮೆ ದುಬಾರಿ ಸ್ಪ್ರೇ ಹೊಡೆಯುವವರ ಮನೆಯಲ್ಲಿ ಇರುವುದಿಲ್ಲ. ಒರೆಸಿದ ಬಟ್ಟೆಯನ್ನು ಟಬ್ ಅಂಚಿನ ಮೇಲೇ ಬಿಟ್ಟು ಬರಬೇಡಿ ಮತ್ತೆ. ನಿಮ್ಮ ಮನೆಯಲ್ಲಿ ಇನ್ನೂ ಸೌದೆ ಒಲೆ ಉರಿಯುತ್ತಿದ್ದರೆ ಅದರ ಹತ್ತಿರ ಹರವಿ.

ಇನ್ನು ಗಾಳಿಯ ವಿಷಯ. ಬೂಷ್ಟು ಹಿಡಿಯಬಾರದು ಅಂದರೆ ಒಳಗಿನ ಗಾಳಿಯ ತೇವ ಶೇಕಡ 60ರ ಕೆಳಗಿರಬೇಕು. ತೇವ ತೋರಿಸುವ ಸಣ್ಣ ಮೀಟರ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ತರಿಸಿ ಬಾತ್‌ರೂಂನಲ್ಲಿ ಇಟ್ಟು ನೋಡಿ, ಜುಲೈನಲ್ಲಿ 90 ದಾಟಿರುತ್ತದೆ. ಅದನ್ನು ಇಳಿಸಲು ಸುಲಭದ ದಾರಿ ಬಿಸಿ. ಹೊರಗೆ 20 ಡಿಗ್ರಿ, ತೇವ ನೂರಕ್ಕೆ ನೂರು ಅಂತ ಇಟ್ಟುಕೊಳ್ಳಿ. ಅದೇ ಗಾಳಿ ಒಳಗೆ ಬಂದು 25 ಡಿಗ್ರಿಗೆ ಬೆಚ್ಚಗಾದರೆ ತೇವ ಸುಮಾರು 75ಕ್ಕೆ ಇಳಿಯುತ್ತದೆ, ಒಂದು ಹನಿ ನೀರನ್ನೂ ತೆಗೆಯದೆ. ಮಳೆಗಾಲದಲ್ಲಿ ಬೀರುವಿನೊಳಗೆ ಹಳೇ ಕಾಲದ ಬಲ್ಬ್ ಉರಿಸಿಡುತ್ತಿದ್ದರಲ್ಲ, ಸೀರೆಗೆ ಬೂಷ್ಟು ಹಿಡಿಯದಿರಲಿ ಅಂತ, ಅದರ ಹಿಂದಿನ ಲೆಕ್ಕವೂ ಇದೇ. ಬಾತ್‌ರೂಂಗೆ ಅಡುಗೆಮನೆ ಒಲೆಯ ಗೋಡೆ ಅಂಟಿಕೊಂಡಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಹೊರಗಿನ ಕಿಟಕಿ ಮುಚ್ಚಿ, ಮನೆ ಒಳಗಿನ ಬಾಗಿಲನ್ನು ಸ್ವಲ್ಪ ತೆಗೆದಿಟ್ಟು, ಎಕ್ಸಾಸ್ಟ್ ಫ್ಯಾನ್ ಇಪ್ಪತ್ತು ನಿಮಿಷ ಓಡಿಸಿ. ಮನೆ ಒಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ಅದು ಬಂದು ಹಬೆಯನ್ನು ತಳ್ಳಿಕೊಂಡು ಹೋಗಲಿ. ಕಿಟಕಿಯನ್ನೂ ತೆಗೆದು ಫ್ಯಾನನ್ನೂ ಹಾಕಿದರೆ ಫ್ಯಾನ್ ಕಿಟಕಿಯಿಂದ ಮಂಜು ಎಳೆದು ಮಂಜನ್ನೇ ಹೊರಗೆ ಹಾಕುತ್ತಿರುತ್ತದೆ, ಸುಮ್ನೆ ಕರೆಂಟ್ ದಂಡ.

ಫ್ಯಾನ್ ನಿಜವಾಗಿ ಎಳೆಯುತ್ತಿದೆಯಾ ಅಂತ ನೋಡಲು ಒಂದು ತೆಳು ಟಿಶ್ಯೂ ಹಿಡಿಯಿರಿ, ಅಂಟಿಕೊಂಡು ನಿಲ್ಲಬೇಕು. ಅದರ ಗಾಳಿ ಎಲ್ಲಿಗೆ ಹೋಗುತ್ತಿದೆ ಅಂತಲೂ ಹತ್ತಿ ನೋಡಿಸಿ. ಹಂಚಿನ ಮನೆಗಳಲ್ಲಿ ಫ್ಯಾನಿನ ಪೈಪನ್ನು ಅಟ್ಟಕ್ಕೇ ಬಿಟ್ಟಿರುವುದನ್ನು ನೋಡಿದ್ದೇನೆ, ಬಾತ್‌ರೂಂ ಬೂಷ್ಟನ್ನು ಮರದ ತೊಲೆಗಳಿಗೆ ದಾನ ಮಾಡಿದ ಹಾಗೆ. ಗಾಳಿಯ ತೇವ ಹೀರುವ ಮಿಷನ್, ಡಿಹ್ಯುಮಿಡಿಫೈಯರ್, ಇಟ್ಟುಕೊಂಡವರು ಈಗ ಕೊಡಗಲ್ಲಿ ತುಂಬ ಜನ ಇದ್ದಾರೆ. ಇದ್ದರೆ ಒಳ್ಳೇದೇ, ಆದರೆ ಮಿಷನ್ನನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಬಾತ್‌ರೂಂ ಬಾಗಿಲು ತೆಗೆದಿಡಿ. ಟಬ್ ಪಕ್ಕ ಕರೆಂಟಿನ ಯಾವ ವಸ್ತುವೂ ಬೇಡ.

ಈಗ ನಿಮ್ಮ ಕಪ್ಪು ಚುಕ್ಕೆ. ಮೊದಲು ಅದು ಎಲ್ಲಿದೆ ಅಂತ ನೋಡಬೇಕು. ಟೈಲ್ಸ್ ಅಥವಾ ಟಬ್ಬಿನ ನುಣುಪಾದ ಮೇಲ್ಮೈ ಮೇಲಿದ್ದರೆ ಅದು ಮೇಲಷ್ಟೇ ಕೂತಿದೆ, ಒರೆಸಿದರೆ ಹೋಗುತ್ತದೆ. ಸಂದು ಮುಚ್ಚಲು ಹಾಕುವ ರಬ್ಬರಿನಂಥ ಅಂಟು, ಸಿಲಿಕೋನ್, ಅದರ ಒಳಗೆ ಇಳಿದಿದ್ದರೆ ಉಜ್ಜಿ ಪ್ರಯೋಜನ ಇಲ್ಲ. ಪರೀಕ್ಷೆ ಮಾಡಿ: ಮೆಡಿಕಲ್ ಶಾಪ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೇಳಿ. ಅಲ್ಲಿ ಕೊಡುವುದು ಸಾಮಾನ್ಯವಾಗಿ ಶೇಕಡ 6ರದ್ದು, ಅದಕ್ಕೆ ಅಷ್ಟೇ ನೀರು ಸೇರಿಸಿದರೆ ಶೇಕಡ 3 ಆಗುತ್ತದೆ, ನಮಗೆ ಅಷ್ಟು ಸಾಕು. ಗ್ಲೌಸ್ ಹಾಕಿಕೊಂಡು, ಹತ್ತಿಯನ್ನು ಅದರಲ್ಲಿ ಅದ್ದಿ ಬತ್ತಿಯ ಹಾಗೆ ಹೊಸೆದು ಸಂದಿನ ಉದ್ದಕ್ಕೂ ಒತ್ತಿ ಕೂರಿಸಿ, ಒಂದು ಗಂಟೆ ಬಿಡಿ. ಸುಮ್ನೆ ಸ್ಪ್ರೇ ಮಾಡಿದರೆ ನಿಂತ ಗೋಡೆಯಿಂದ ಇಳಿದು ಹೋಗುತ್ತದೆ, ಹತ್ತಿ ಇದ್ದರೆ ನಿಲ್ಲುತ್ತದೆ. ತೆಗೆದು, ತೊಳೆದು, ಒರೆಸಿ. ಬಿಳಿಯಾದರೆ ಬಚಾವ್. ಕಪ್ಪು ಹಾಗೇ ಇದ್ದರೆ ಆ ಸಿಲಿಕೋನ್‌ನ ಆಯಸ್ಸು ಮುಗಿದಿದೆ, ಕತ್ತರಿಸಿ ತೆಗೆದು ಹೊಸದು ಹಾಕಬೇಕು.

ಒಂದು ಅನುಮಾನ ಇದೆ ನನಗೆ. ನಮ್ಮ ಕಡೆ ಎಷ್ಟೋ ಮೇಸ್ತ್ರಿಗಳು ಟಬ್ಬಿನ ಸಂದಿಗೆ ಸಿಲಿಕೋನ್ ಹಾಕುವುದೇ ಇಲ್ಲ, ವೈಟ್ ಸಿಮೆಂಟ್ ಮೆತ್ತಿ ಹೋಗುತ್ತಾರೆ. ಅಕ್ರಿಲಿಕ್ ಟಬ್ ನೀರು ತುಂಬಿದಾಗ ಸ್ವಲ್ಪ ಕೆಳಗೆ ಬಾಗುತ್ತದೆ, ಖಾಲಿಯಾದಾಗ ಮೇಲೆ ಬರುತ್ತದೆ. ಸಿಮೆಂಟ್ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಲ್ಲಿ ನೀರು ಇಳಿದು ಟಬ್ಬಿನ ಹಿಂದೆ ನಿಲ್ಲುತ್ತದೆ, ಅಲ್ಲಿಂದ ಬೂಷ್ಟು ಮುಂದಕ್ಕೆ ಬರುತ್ತದೆ. ನೀವು ಎಷ್ಟು ಉಜ್ಜಿದರೂ ಮತ್ತೆ ಬರುವುದಕ್ಕೆ ಇದೇ ಕಾರಣ ಇರಬಹುದು. ಉಗುರಿಂದ ಕೆರೆದು ನೋಡಿ, ರಬ್ಬರಿನ ಹಾಗೆ ಒತ್ತಿಕೊಂಡರೆ ಸಿಲಿಕೋನ್, ಪುಡಿ ಉದುರಿದರೆ ಸಿಮೆಂಟ್.

ಬ್ಲೀಚಿಂಗ್ ಪೌಡರ್ ಬಿಟ್ಟುಬಿಡಿ. ಬಾವಿಗೆ ಹಾಕಲು ಅದು ಸರಿ. ಟಬ್ಬಿನಲ್ಲಿ ಅದರ ಕರಗದ ಸುಣ್ಣದ ಪುಡಿ ಉಜ್ಜಿದರೆ ಅಕ್ರಿಲಿಕ್ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತದೆ, ಆ ಗೀರಲ್ಲೇ ಮುಂದಿನ ಕೊಳೆ ಕೂರುತ್ತದೆ. ಬ್ಲೀಚ್ ಬೇಕೇ ಬೇಕು ಅಂದರೆ ಬಟ್ಟೆಗೆ ಹಾಕುವ ದ್ರವ ಬ್ಲೀಚ್ ತೆಗೆದುಕೊಳ್ಳಿ, ಒಂದು ಲೀಟರ್ ತಣ್ಣೀರಿಗೆ 60 ಮಿಲಿಲೀಟರ್, ಅದಕ್ಕಿಂತ ಜಾಸ್ತಿ ಬೇಡ. ಹತ್ತು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಆ ಹೊತ್ತಲ್ಲಿ ಮಾತ್ರ ಕಿಟಕಿ ತೆಗೆದಿರಲಿ, ಮಕ್ಕಳು ಒಳಗೆ ಬರಬಾರದು. ಕಲಸಿದ್ದನ್ನು ಉಳಿಸಿಡಬೇಡಿ, ಶಕ್ತಿ ಹೋಗುತ್ತದೆ. ಕುಡಿಯುವ ನೀರಿನ ಹಳೇ ಬಾಟಲಿಯಲ್ಲಂತೂ ಯಾವತ್ತೂ ತುಂಬಿಡಬೇಡಿ.

ಮತ್ತೊಂದು, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ, ಕೆಲಸಕ್ಕೆ ಬರುವವರಿಗೂ. ಬ್ಲೀಚ್ ಯಾವುದೇ ರೂಪದಲ್ಲಿದ್ದರೂ ಅದಕ್ಕೆ ಟಾಯ್ಲೆಟ್ ಕ್ಲೀನರ್ ಸೇರಿಸಬಾರದು. ಹಾರ್ಪಿಕ್‌ನಂಥವುಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಂನಲ್ಲಿ ಅದು ಶ್ವಾಸಕೋಶ ಸುಟ್ಟುಹಾಕುತ್ತದೆ. ವಿನೆಗರ್, ನಿಂಬೆಹುಳಿ ಸೇರಿಸಿದರೂ ಅದೇ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಸೇರಿದರೆ ಬೇರೊಂದು ವಿಷದ ಗಾಳಿ. ಒಂದು ಹಾಕಿದ ದಿನ ಇನ್ನೊಂದು ಬೇಡ. ಪೆರಾಕ್ಸೈಡ್ ಮತ್ತು ವಿನೆಗರ್ ಕೂಡ ಒಂದೇ ಬಾಟಲಿಯಲ್ಲಿ ಬೇಡ.

ಟಬ್ಬಿಗೆ ಟಾಯ್ಲೆಟ್ ಆಸಿಡ್ ಒಂಟಿಯಾಗಿಯೂ ಬೇಡ. ಸ್ಟೀಲ್ ಸ್ಕ್ರಬ್ಬರ್, ಪಾತ್ರೆ ಉಜ್ಜುವ ಪುಡಿ, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಇವೆಲ್ಲ ಅಕ್ರಿಲಿಕ್‌ಗೆ ಶತ್ರುಗಳು, ರಿಮೂವರ್‌ನ ಅಸಿಟೋನ್ ಅಂತೂ ಅಕ್ರಿಲಿಕ್ ಅನ್ನು ಕರಗಿಸಿಬಿಡುತ್ತದೆ. ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಇನ್ನೂ ಎನಾಮಲ್ ಬಳಿದ ಬೀಡು ಕಬ್ಬಿಣದ ಟಬ್ ಸಿಗುತ್ತವೆ, ಅವು ಗಟ್ಟಿ, ಆದರೆ ಆಸಿಡ್ ಬಿದ್ದರೆ ಅವುಗಳ ಹೊಳಪೂ ಹೋಗುತ್ತದೆ.

ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದು ನೊರೆ ಬರಿಸುವ ವಿಡಿಯೋ ಎಲ್ಲರಿಗೂ ಬರುತ್ತದೆ. ನೊರೆ ನೋಡಲು ಚೆಂದ. ಒಂದು ಇನ್ನೊಂದರ ಶಕ್ತಿ ಕೊಲ್ಲುತ್ತದೆ, ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಕೆಲಸ ಇದೆ.

ನಲ್ಲಿ ಕೆಳಗಿನ ಕಂದು ಕಲೆ ಬೂಷ್ಟಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಹೀಗೆ ತುಕ್ಕಿನ ಗೆರೆ ಬೀಳುತ್ತದೆ. ಇದಕ್ಕೆ ಬ್ಲೀಚ್ ಹಾಕಿದರೆ ಇನ್ನೂ ಗಾಢ ಆಗುತ್ತದೆ, ನೀವು ಪೌಡರ್ ಹಾಕಿದ ಮೇಲೆ ಕಲೆ ಜಾಸ್ತಿ ಆಯಿತಾ ನೆನಪಿಸಿಕೊಳ್ಳಿ. ಇದಕ್ಕೆ ಬೇಕಾದ್ದು ಹುಳಿ. ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುವುದು, ಒಂದು ಚಮಚವನ್ನು ಒಂದು ಲೋಟ ಬಿಸಿನೀರಲ್ಲಿ ಕರಗಿಸಿ, ಬಟ್ಟೆ ಅದ್ದಿ ಕಲೆ ಮೇಲೆ ಹತ್ತು ನಿಮಿಷ ಹೊದಿಸಿ, ತೊಳೆಯಿರಿ. ಹೋಗದಿದ್ದರೆ ಇನ್ನೊಮ್ಮೆ. ಮೊದಲೇ ಹೇಳಿದೆನಲ್ಲ, ಬ್ಲೀಚ್ ಹಾಕಿದ ದಿನ ಇದು ಬೇಡ. ಹುಳಿ ಅಂದರೆ ಕಾಚಂಪುಳಿ, ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಅದರ ಕಪ್ಪಿಗೆ ಟಬ್ಬಲ್ಲಿ ಹೊಸ ಕಲೆ ಬೀಳುತ್ತದೆ, ರೇಟಂತೂ ಗೊತ್ತೇ ಇದೆ, ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ, ಉಳಿಸಿಕೊಳ್ಳಿ.

ಸಂದಿನಲ್ಲಿ ಅಥವಾ ಶಾಂಪೂ ಬಾಟಲಿ ಕೆಳಗೆ ನಸುಗೆಂಪು ಲೋಳೆ ಕಂಡರೆ ಅದೂ ಬೂಷ್ಟಲ್ಲ, ಸಾಮಾನ್ಯವಾಗಿ ಸೆರಾಶಿಯಾ ಅನ್ನುವ ಬ್ಯಾಕ್ಟೀರಿಯಾ. ಸೋಪಿನ ಜಿಡ್ಡು ತಿಂದು ಬೆಳೆಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಉಜ್ಜಿ, ಒರೆಸಿ, ಬಾಟಲಿಗಳನ್ನು ಟಬ್ ಅಂಚಿಂದ ಎತ್ತಿ ತಂತಿಯ ಬುಟ್ಟಿಯಲ್ಲಿಡಿ. ಕಪ್ಪು ಬೂಷ್ಟು ಕಂಡ ತಕ್ಷಣ ವಿಷದ ಬೂಷ್ಟು ಅಂತ ಗಾಬರಿ ಬೀಳುವವರೂ ಇದ್ದಾರೆ. ಬಾತ್‌ರೂಂನಲ್ಲಿ ಸಾಮಾನ್ಯವಾಗಿ ಕಾಣುವುದು ಕ್ಲಾಡೋಸ್ಪೋರಿಯಂನಂಥವು. ಅಲರ್ಜಿ, ಉಬ್ಬಸ ಇರುವ ಮಕ್ಕಳಿಗೆ ತೊಂದರೆ ಕೊಡುತ್ತವೆ, ಹಾಗಾಗಿ ತೆಗೆಯಲೇಬೇಕು, ಆದರೆ ಮನೆ ಬಿಟ್ಟು ಓಡಬೇಕಾಗಿಲ್ಲ. ಹೀಗೆ ಹೇಳುವಾಗ ಇನ್ನೊಂದು ನೆನಪಾಯಿತು. ಆಗಸ್ಟ್ 3ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಲ್ಲ, ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ, ಮರುದಿನ ಮಕ್ಕಳ ಸ್ನಾನದ ನೀರು ಕೆಂಪಗೆ ಕಂಡರೆ ಬೋರ್‌ವೆಲ್ಲನ್ನು ಬೈಯಬೇಡಿ.

ವಾರಕ್ಕೆರಡು ಸಲ ಮಾಡುವ ತೊಳೆತ ಏನೂ ದೊಡ್ಡದಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ಮೆತ್ತನೆ ಸ್ಪಂಜು. ಸೋಪಿಗಿಂತ ಅದು ಜಿಡ್ಡನ್ನು ಚೆನ್ನಾಗಿ ಎತ್ತುತ್ತದೆ. ನಮ್ಮ ಬಾವಿ, ತೋಡಿನ ನೀರು ಮೆದು, ಬಯಲುಸೀಮೆಯ ಹಾಗೆ ಬಿಳಿ ಪದರ ಕಟ್ಟುವುದಿಲ್ಲ, ಆದರೆ ಮೆದು ನೀರಲ್ಲಿ ಸೋಪು ಬೇಗ ಬಿಡುವುದೂ ಇಲ್ಲ, ತೊಳೆದಷ್ಟೂ ನುಣ್ಣಗೆ ಅನ್ನಿಸುತ್ತದೆ. ಹಾಗಾಗಿ ಕೊನೆಗೆ ಎರಡು ಚೊಂಬು ನೀರು ಜಾಸ್ತಿ ಹಾಕಿ, ತಳವನ್ನು ಬೆರಳಿಂದ ಉಜ್ಜಿ ನೋಡಿ. ಕಿರ್ ಅಂತ ಸದ್ದು ಬಂದರೆ ಶುದ್ಧ. ಬೆರಳು ಸದ್ದಿಲ್ಲದೆ ಜಾರಿದರೆ ಜಿಡ್ಡು ಇನ್ನೂ ಇದೆ, ಮಗಳ ಕಾಲೂ ಹಾಗೇ ಜಾರುತ್ತದೆ.

ಜಾರುವುದರ ವಿಷಯದಲ್ಲಿ ನಾನು ಮೊದಲು ಕೇಳುವುದು ಎಣ್ಣೆ ಸ್ನಾನ ಎಲ್ಲಿ ಮಾಡಿಸುತ್ತೀರಿ ಅಂತ. ಟಬ್ಬಿನೊಳಗೆ ಅಂದರೆ ಉತ್ತರ ಸಿಕ್ಕಿತು. ಕೊಬ್ಬರಿ ಎಣ್ಣೆ ಅಕ್ರಿಲಿಕ್ ಮೇಲೆ ಬಿದ್ದರೆ ದೊಡ್ಡವರೇ ನಿಲ್ಲಲಾಗುವುದಿಲ್ಲ, ಮೂರು ವರ್ಷದ ಮಗು ಏನು ಮಾಡಬೇಕು? ಚಳಿಗೆ ಆ ಎಣ್ಣೆ ಹೆಪ್ಪುಗಟ್ಟಿ ತೂತಿನ ಕೆಳಗಿನ ಪೈಪಲ್ಲೂ ಕೂರುತ್ತದೆ, ಮೇಲೆ ಕಡ್ಲೆಹಿಟ್ಟು ಸೇರಿದರೆ ನೀರು ಹೋಗುವುದೇ ಇಲ್ಲ, ನೀರು ನಿಂತಷ್ಟೂ ಟಬ್ಬಿನ ಸುತ್ತ ಕೊಳೆಯ ಗೆರೆ. ಇಲ್ಲಿ ನಿಮ್ಮ ಅತ್ತೆಯ ಮಾತು ಸರಿ. ಎಣ್ಣೆ ಸ್ನಾನ ಬಕೆಟ್ಟಲ್ಲೇ ಆಗಲಿ. ಹಳೇ ಬಚ್ಚಲಿನ ಒರಟು ಕಲ್ಲು ಚಪ್ಪಡಿ ಸುಮ್ನೆ ಹಾಕಿದ್ದಲ್ಲ, ಎಣ್ಣೆ ಕಾಲು ಅಲ್ಲಿ ನಿಲ್ಲುತ್ತಿತ್ತು. ಹೊರಗೆ ಕಲ್ಲು ಇನ್ನೂ ಇದ್ದರೆ ಅಲ್ಲೇ ಒಂದು ಮಣೆ ಹಾಕಿ ಕೂರಿಸಿ. ಬಬಲ್ ಬಾತ್, ಬೇಬಿ ಆಯಿಲ್ ಕೂಡ ಇದೇ ಜಾತಿ. ಅವು ಟಬ್ಬಿಗೆ ಬಿದ್ದ ದಿನ ಮಕ್ಕಳನ್ನು ಎತ್ತಿ ಹೊರಗೆ ತನ್ನಿ, ಮುಂದಿನವರು ಇಳಿಯುವ ಮೊದಲು ಲಿಕ್ವಿಡ್ ಹಾಕಿ ತೊಳೆಯಿರಿ.

ಮ್ಯಾಟ್ ಬಿಸಾಡಬೇಡಿ, ತಪ್ಪು ಮ್ಯಾಟಿನದಲ್ಲ. ಕೆಳಗೆ ಬಟ್ಟಲು ಬಟ್ಟಲಾಗಿ ಅಂಟುವ ರಬ್ಬರ್ ಮ್ಯಾಟು ಸ್ನಾನದ ಹೊತ್ತಿಗೆ ಮಾತ್ರ ಟಬ್ಬಿನಲ್ಲಿರಬೇಕು. ಸ್ನಾನ ಮುಗಿದ ತಕ್ಷಣ ಎತ್ತಿ, ತೊಳೆದು, ಬಟ್ಟಲುಗಳು ಹೊರಮುಖ ಆಗುವ ಹಾಗೆ ಸರಳಿನ ಮೇಲೆ ನೇತುಹಾಕಬೇಕು. ಅಲ್ಲೇ ಬಿಟ್ಟರೆ ಕೆಳಗಿನ ಕತ್ತಲಲ್ಲಿ ಲೋಳೆ ಕಟ್ಟುತ್ತದೆ, ಆಮೇಲೆ ಆ ಲೋಳೆಯಿಂದ ಮ್ಯಾಟೇ ಜಾರುತ್ತದೆ. ಈಗಿನ ವಾಸನೆಗೆ ಲಿಕ್ವಿಡ್ ಹಾಕಿ ಹಳೇ ಟೂತ್ ಬ್ರಷ್‌ನಲ್ಲಿ ಒಂದೊಂದು ಬಟ್ಟಲು ಉಜ್ಜಿ, ಪೆರಾಕ್ಸೈಡ್ ಹತ್ತು ನಿಮಿಷ ಹಾಕಿಡಿ. ಮಳೆಗಾಲಕ್ಕೆ ಎರಡು ಮ್ಯಾಟ್ ಇಟ್ಟುಕೊಳ್ಳುವುದು ಒಳ್ಳೇದು, ಒಂದು ಒಣಗುವಾಗ ಇನ್ನೊಂದು. ಹಾಕುವಾಗ ಟಬ್ಬಲ್ಲಿ ಸ್ವಲ್ಪ ನೀರಿರಲಿ, ಒಂದೊಂದು ಬಟ್ಟಲನ್ನೂ ಕೈಯಿಂದ ಒತ್ತಿ, ಮೂಲೆ ಹಿಡಿದು ಎಳೆದು ನೋಡಿ. ಟಬ್ಬಿನ ತಳದಲ್ಲೇ ಉಬ್ಬುತಗ್ಗಿನ ಡಿಸೈನ್ ಇದ್ದರೆ ಬಟ್ಟಲು ಅಂಟುವುದಿಲ್ಲ, ಅಂಥದ್ದಕ್ಕೆ ಮ್ಯಾಟ್ ಹಾಕುವುದು ಹಾಕದೇ ಇರುವುದಕ್ಕಿಂತ ಅಪಾಯ.

ಹೂವು, ಮೀನಿನ ಆಕಾರದ ಒರಟು ಸ್ಟಿಕ್ಕರ್‌ಗಳೂ ಸಿಗುತ್ತವೆ. ನನಗೆ ಅಷ್ಟು ಇಷ್ಟ ಇಲ್ಲ. ಅಂಚಲ್ಲಿ ಕೊಳೆ ಕೂರುತ್ತದೆ, ಎರಡು ಸ್ಟಿಕ್ಕರ್ ನಡುವಿನ ನುಣುಪು ಜಾಗದಲ್ಲೇ ಮಕ್ಕಳು ಕಾಲಿಡುತ್ತಾರೆ. ಹಾಕಿದರೆ ಹತ್ತಿರ ಹತ್ತಿರ ಹಾಕಿ. ಕೀಳಬೇಕಾದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆಚ್ಚಗೆ ಮಾಡಿ, ಉಳಿದ ಗೋಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ ತೆಗೆದು, ಆ ಎಣ್ಣೆಯನ್ನು ಲಿಕ್ವಿಡ್‌ನಲ್ಲಿ ತೊಳೆಯಿರಿ. ಗಾಳಿ ಒತ್ತಡದಲ್ಲಿ ಅಂಟುವ ಹಿಡಿಕೆಗಳನ್ನು ಮಾತ್ರ ತರಲೇಬೇಡಿ. ಒಂದು ದಿನ ಗಟ್ಟಿ, ಮರುದಿನ ಕೈಗೇ ಬರುತ್ತದೆ. ಗೋಡೆಗೆ ತೂತು ಹೊಡೆದು ಸ್ಕ್ರೂ ಹಾಕಿದ ಸ್ಟೀಲ್ ಹಿಡಿಕೆ ಬೇಕು, ಮಗುವಿನ ಎತ್ತರಕ್ಕೆ ಒಂದು, ನಿಮ್ಮ ಅತ್ತೆಯ ಎತ್ತರಕ್ಕೆ ಒಂದು.

ಮಕ್ಕಳು ಟಬ್ಬಿನೊಳಗೆ ನಿಂತಾಗಲೂ ಬೀಳುತ್ತಾರೆ, ಇಳಿಯುವಾಗ, ಹತ್ತುವಾಗಲೂ ಬೀಳುತ್ತಾರೆ. ಹಾಗಾಗಿ ನಿಲ್ಲಬಾರದು ಅನ್ನುವ ಕಾನೂನು ಮಾಡಿ: ಒಳಗೆ ಕೂತೇ ಇರಬೇಕು, ಏಳುವುದು ಅಮ್ಮನೋ ಅಪ್ಪನೋ ಕೈ ಹಿಡಿದಾಗ ಮಾತ್ರ. ನೀರು ಪೂರ್ತಿ ಹೋದ ಮೇಲೆ, ಟಬ್ಬಿನೊಳಗೇ ಕಾಲು ಒರೆಸಿ, ಆಮೇಲೆ ಹೊರಗೆ. ಹೊರಗೆ ಕೆಳಭಾಗಕ್ಕೆ ರಬ್ಬರ್ ಇರುವ ಕಾಲೊರಸು ಇರಲಿ. ಹಳೇ ಮನೆಗಳಲ್ಲಿ ಬಾತ್‌ರೂಂ ದಾಟಿದರೆ ಕೆಂಪು ಸಾರಣೆ ನೆಲ ಅಲ್ವಾ, ಒದ್ದೆ ಕಾಲಲ್ಲಿ ಓಡಿದರೆ ಟಬ್ಬಿಗಿಂತ ಅಲ್ಲೇ ಜೋರಾಗಿ ಬೀಳುತ್ತಾರೆ.

ನೀವು ಕೇಳದ ಮೂರು ವಿಷಯ ಹೇಳುತ್ತೇನೆ, ಗಲ್ಲದ ಪೆಟ್ಟಿಗಿಂತ ದೊಡ್ಡವು ಇವು.

ಒಂದು, ನೀರು. ಚಿಕ್ಕ ಮಗು ಮುಳುಗಲು ಒಂದೆರಡು ಇಂಚು ನೀರು ಸಾಕು, ಸದ್ದೂ ಆಗುವುದಿಲ್ಲ. ಮಗಳು ಟಬ್ಬಲ್ಲಿರುವಾಗ ದೊಡ್ಡವರೊಬ್ಬರು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಆರು ವರ್ಷದ ಅಣ್ಣ ನೋಡಿಕೊಳ್ಳುತ್ತಾನೆ ಅನ್ನುವುದು ಆಗದ ಮಾತು. ಫೋನ್ ಬಂದರೆ ಬರಲಿ. ಗೇಟಲ್ಲಿ ಯಾರೋ ಕೂಗಿದರೆ ಮಗುವನ್ನು ಟವಲಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ. ಹೀರಿಕೊಂಡು ಅಂಟುವ ಸ್ನಾನದ ಕುರ್ಚಿಗಳು ಸಿಗುತ್ತವೆ, ಅವು ಮಗುವನ್ನು ಕೂರಿಸುತ್ತವೆ ಅಷ್ಟೇ, ಕಾಯುವುದಿಲ್ಲ. ಇನ್ನು ಮಳೆಗಾಲದಲ್ಲಿ ಕರೆಂಟ್ ಹೋಗಿ ಪಂಪ್ ಓಡುವುದಿಲ್ಲ ಅಂತ ಟಬ್ ತುಂಬ ನೀರು ಹಿಡಿದಿಡುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ. ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಮುಚ್ಚಳ ಇರುವ ಡ್ರಮ್ಮಲ್ಲಿ ಹಿಡಿಯಿರಿ, ಬಾತ್‌ರೂಂ ಬಾಗಿಲಿಗೆ ಮೇಲೆ ಚಿಲಕ ಹಾಕಿಸಿ.

ಎರಡು, ಬಿಸಿ. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಲ್ಲಿ ಸುಡುತ್ತದೆ. ಗೀಸರ್ ಅನ್ನು 50 ಡಿಗ್ರಿ ದಾಟದ ಹಾಗೆ ಇಟ್ಟುಕೊಳ್ಳಿ. ಸೌದೆ ಬಾಯ್ಲರ್ ಅಥವಾ ಹಂಡೆಯ ನೀರಿಗೆ ಆ ಲಗಾಮು ಇಲ್ಲ, ಕುದಿಯುವ ಹತ್ತಿರ ಬರುತ್ತದೆ. ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ, ಮೊಣಕೈ ಅದ್ದಿ ನೋಡಿ, ಆಮೇಲೆ ಮಗು. 37, 38 ಡಿಗ್ರಿ ಸಾಕು. ಕೂತ ಮಗುವಿನ ಹೊಕ್ಕುಳಿನ ತನಕ ನೀರಿದ್ದರೆ ಧಾರಾಳ.

ಮೂರು, ಗ್ಯಾಸ್ ಗೀಸರ್. ಬಾತ್‌ರೂಂ ಒಳಗೇ ಸಿಲಿಂಡರ್ ಗ್ಯಾಸಿನ ಗೀಸರ್ ಇದ್ದರೆ ಹೊರಗಿನ ಗೋಡೆಗೆ ವರ್ಗಾಯಿಸಿ. ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಕೈಕಾಲು ಆಡುವುದಿಲ್ಲ. ಹೀಗೆ ಜೀವ ಹೋದ ಸುದ್ದಿ ಚಳಿಗಾಲದಲ್ಲಿ ಪೇಪರಲ್ಲಿ ಬರುತ್ತಲೇ ಇರುತ್ತದೆ. ಬೂಷ್ಟಿಗೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಅಂತ ಮೇಲೆ ಹೇಳಿದೆನಲ್ಲ, ಅದು ಗ್ಯಾಸ್ ಗೀಸರ್ ಒಳಗಿಲ್ಲದ ಬಾತ್‌ರೂಂಗೆ ಮಾತ್ರ.

ಆಟಿಕೆಗಳನ್ನು ಮರೆತೆ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿಯನ್ನು ಒಮ್ಮೆ ಕತ್ತರಿಸಿ ನೋಡಿ, ಒಳಗೆ ಕಪ್ಪು ಲೋಳೆ ಇರುತ್ತದೆ, ಮಗಳು ಅದನ್ನು ಬಾಯಿಗಿಡುತ್ತಾಳೆ. ತೂತಿಲ್ಲದ ಆಟಿಕೆ ತನ್ನಿ. ಹೊಸ ಬಾತುಕೋಳಿ ಬಂದರೆ ಬಳಸುವ ಮೊದಲೇ ತೂತಿಗೆ ಗ್ಲೂ ಗನ್ನಿಂದ ಗೋಂದು ಹಾಕಿ ಮುಚ್ಚಿ. ಜಾಲರಿ ಚೀಲದಲ್ಲಿ ನೇತುಹಾಕಿದರೆ ನೀರು ಇಳಿದು ಹೋಗುತ್ತದೆ. ಪ್ಲಾಸ್ಟಿಕ್ ಕರ್ಟನ್ ಇದ್ದರೆ ತೆಗೆದು ಪಾಲಿಯೆಸ್ಟರ್ ಹಾಕಿ, ಮಿಷನ್ನಿಗೆ ಹಾಕಿ ಒಗೆಯಬಹುದು. ಸ್ನಾನ ಆದ ಮೇಲೆ ಅದನ್ನು ಮುದುರಿಡಬೇಡಿ, ಪೂರ್ತಿ ಎಳೆದು ಹರವಿಡಿ.

ಕೊನೆಗೆ ಆ ಸಂದಿನ ಕೆಲಸ. ಮಳೆಗಾಲದಲ್ಲಿ ಮಾಡಿಸಬೇಡಿ. ಸಿಲಿಕೋನ್ ಗಟ್ಟಿಯಾಗಲು ಗಾಳಿಯ ತೇವ ಬೇಕು ನಿಜ, ಆದರೆ ಅಂಟಲು ಕೆಳಗಿನ ಜಾಗ ಬೂದಿಯಷ್ಟು ಒಣಗಿರಬೇಕು, ಸಂದಿನ ಹಿಂದೆ ಕೂತ ನೀರು ಜುಲೈನಲ್ಲಿ ಒಣಗುವುದಿಲ್ಲ. ಅಲ್ಲಿ ತನಕ ಹತ್ತಿ ಬತ್ತಿ ಮತ್ತು ವೈಪರಿನಲ್ಲಿ ಕಾಲ ಕಳೆಯಿರಿ, ಸಂದು ಬಾಯಿ ಬಿಟ್ಟಿದ್ದರೆ ಮಕ್ಕಳಿಗೆ ಬಕೆಟ್ ಸ್ನಾನವೇ ಇರಲಿ, ಅತ್ತೆಗೂ ಸಮಾಧಾನ. ನವೆಂಬರ್, ಡಿಸೆಂಬರ್ ಹೊತ್ತಿನ ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ನಡೆಯುವ ಹೊತ್ತಿಗೆ ಬಿಸಿಲು ಗಟ್ಟಿ ಇರುತ್ತದೆ, ಆಗ ಮಾಡಿಸಿ. ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು, ಬ್ಲೇಡ್ ಹಾಕಿದರೆ ಟಬ್ ಗೀರುತ್ತದೆ. ಟೈಲ್ಸ್ ಕಡೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ, ಟಬ್ ಕಡೆ ಲಿಕ್ವಿಡ್ ನೀರಲ್ಲಿ ಒರೆಸಿ, ಎರಡು ಮೂರು ದಿನ ಯಾರೂ ನೀರು ಹಾಕದೆ ಒಣಗಲಿ. ಆಮೇಲೆ ಟಬ್ಬಿಗೆ ನೀರು ತುಂಬಿಸಿ. ಭಾರಕ್ಕೆ ಟಬ್ ಇಳಿದು ಸಂದು ಎಷ್ಟು ತೆರೆಯಬೇಕೋ ಅಷ್ಟು ತೆರೆದಿರುತ್ತದೆ, ಆಗಲೇ ಸಿಲಿಕೋನ್ ಹಾಕಬೇಕು, ಖಾಲಿ ಟಬ್ಬಿಗೆ ಹಾಕಿದರೆ ಮೊದಲ ಸ್ನಾನಕ್ಕೇ ಹರಿಯುತ್ತದೆ. ಟ್ಯೂಬ್ ಮೇಲೆ ಸ್ಯಾನಿಟರಿ ಅಂತಲೂ ಆಂಟಿ ಫಂಗಲ್ ಅಂತಲೂ ಬರೆದಿರಬೇಕು. ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಎಳೆತದಲ್ಲಿ ಹಾಕಿಸಿ, ಸೋಪು ನೀರು ಅದ್ದಿದ ಬೆರಳಿಂದ ಸವರಿ, ಹಸಿ ಇರುವಾಗಲೇ ಟೇಪ್ ಎಳೆಯಿರಿ. ಒಂದು ಪೂರ್ತಿ ದಿನ ನೀರು ಹಾಗೇ ತುಂಬಿರಲಿ, ಬಾತ್‌ರೂಂಗೆ ಬೀಗ ಹಾಕಿ ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮೇಸ್ತ್ರಿ ವೈಟ್ ಸಿಮೆಂಟ್ ಸಾಕು ಅಂದರೆ ಬೇರೆ ಮೇಸ್ತ್ರಿಯನ್ನು ಕರೆಯಿರಿ.